ನ್ಯೂಟ್ರಲ್ ಕಟ್ಟಾದ ಮನೆ: ಒಂದು ಮೂರು ಫೇಸ್ ಸಂಪರ್ಕದ ಪ್ರಕರಣ ಅಧ್ಯಯನ

ಮೂರು ಅಂತಸ್ತಿನ ಮನೆ, ಮೂರು ಫೇಸಿನ ಒಂದೇ ಸಂಪರ್ಕ. ನೆಲ ಅಂತಸ್ತಿಗೆ ಆರ್ ಫೇಸ್, ಮೊದಲನೇ ಮಹಡಿಗೆ ವೈ, ಎರಡನೇ ಮಹಡಿಗೆ ಬಿ. ಮೂರಕ್ಕೂ ನ್ಯೂಟ್ರಲ್, ಅಂದರೆ ಕರೆಂಟ್ ಹಿಂದಿರುಗುವ ತಂತಿ, ಒಂದೇ. ಬೆಳಿಗ್ಗೆ ಆರೂವರೆಗೆ ಕೆಳಗೆ ಗೀಸರ್ ಹಾಕಿದ್ದಾರೆ. ಅರ್ಧ ಗಂಟೆಯಾದರೂ ನೀರು ಉಗುರುಬೆಚ್ಚಗೂ ಆಗಿಲ್ಲ, ಬಚ್ಚಲಿನ ಎಲ್‌ಇಡಿ ಮಂಕಾಗಿದೆ. ನಡುವಿನ ಮಹಡಿಯಲ್ಲಿ ರೈಸ್ ಕುಕ್ಕರ್ ಎಂದೂ ಇಲ್ಲದ ಹಾಗೆ ಕೊತಕೊತ ಕುದಿದು ಉಕ್ಕುತ್ತಿದೆ. ಮೇಲಿನ ಮಹಡಿಯಲ್ಲಿ ಟಿವಿಯಿಂದ ಟಪ್ ಎಂದು ಸದ್ದು, ಸುಟ್ಟ ವಾಸನೆ. ಮೀಟರ್ ಬೋರ್ಡಿನ ಹತ್ತಿರ ಹೋಗಿ ನೋಡಿದರೆ ಒಂದು ಎಂಸಿಬಿಯೂ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಬಿದ್ದಿಲ್ಲ, ಭೂಮಿಗೆ ಕರೆಂಟ್ ಸೋರಿದರೆ ಬೀಳುವ ಆರ್‌ಸಿಸಿಬಿಯೂ ಮೇಲೆಯೇ ಇದೆ.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಹೈ ವೋಲ್ಟೇಜ್ ಬಂತು.’ ಟ್ರಾನ್ಸ್‌ಫಾರ್ಮರಿನಿಂದ ಹೆಚ್ಚು ವೋಲ್ಟೇಜ್ ಬಂದಿಲ್ಲ. ಅಲ್ಲಿ ಪ್ರತಿ ಫೇಸೂ ಮುಂಚಿನ ಹಾಗೆಯೇ 230 ವೋಲ್ಟ್ ಕೊಡುತ್ತಿದೆ. ಮೀಟರಿನ ಹತ್ತಿರ ನ್ಯೂಟ್ರಲ್ ಕೀಲು ಸುಟ್ಟು ಬಿಟ್ಟುಕೊಂಡಿದೆ, ಅಷ್ಟೆ. ಅಷ್ಟರಿಂದಲೇ ಒಂದು ಮಹಡಿಗೆ 85 ವೋಲ್ಟ್, ಇನ್ನೊಂದಕ್ಕೆ 314, ಮತ್ತೊಂದಕ್ಕೆ 351 ಏಕೆ ಬಂತು ಎಂಬುದನ್ನು ಎರಡು ಸಂರಕ್ಷಣಾ ನಿಯಮಗಳಿಂದ ಕೊನೆಯ ವೋಲ್ಟಿನವರೆಗೂ ಲೆಕ್ಕ ಹಾಕಬಹುದು.

ಆ ನಿಯಮಗಳನ್ನು 1845ರಲ್ಲಿ ಬರೆದಾಗ ಗುಸ್ಟಾವ್ ಕಿರ್ಕಾಫ್ ಇನ್ನೂ ಕೋನಿಗ್ಸ್‌ಬರ್ಗಿನ ವಿದ್ಯಾರ್ಥಿ. ಮೊದಲನೆಯದು ವಿದ್ಯುದಾವೇಶದ ಸಂರಕ್ಷಣೆ: ಒಂದು ಕೂಡುಬಿಂದುವಿಗೆ ಬಂದ ಕರೆಂಟೆಲ್ಲ ಅದೇ ಕ್ಷಣದಲ್ಲಿ ಹೊರಟುಹೋಗಬೇಕು, ಏಕೆಂದರೆ ಆವೇಶ ಅಲ್ಲಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ಗುಡ್ಡೆ ಬೀಳುವುದೂ ಇಲ್ಲ. ಎರಡನೆಯದು ಶಕ್ತಿಯ ಸಂರಕ್ಷಣೆ: ಮಂಡಲದಲ್ಲಿ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಏರಿದ ವೋಲ್ಟೇಜೂ ಇಳಿದ ವೋಲ್ಟೇಜೂ ಸಮ. ಮೂಲ ಕೊಟ್ಟ ಶಕ್ತಿ, ಲೋಡ್‌ಗಳು ತಿಂದ ಶಕ್ತಿ ಒಂದೇ ಆಗಿರಬೇಕೆಂಬುದು ಈ ಎರಡರ ಫಲ.

ಲೋಡ್‌ಗಳನ್ನು ಹೀಗೆ ಹಿಡಿಯೋಣ: ಆರ್ ಫೇಸಿನಲ್ಲಿ 2000 ವ್ಯಾಟ್ ಗೀಸರ್, ವೈ ಫೇಸಿನಲ್ಲಿ 500 ವ್ಯಾಟ್ ರೈಸ್ ಕುಕ್ಕರ್, ಬಿ ಫೇಸಿನಲ್ಲಿ ಟಿವಿ, ಸೆಟ್‌ಟಾಪ್ ಬಾಕ್ಸ್, ರೌಟರ್, ದೀಪ ಎಲ್ಲ ಸೇರಿ 100 ವ್ಯಾಟ್. ಇವೆಲ್ಲವನ್ನೂ ಬರೀ ರೋಧವೆಂದುಕೊಂಡರೆ 230ರ ವರ್ಗವನ್ನು ವ್ಯಾಟಿನಿಂದ ಭಾಗಿಸಿದಾಗ 26.45 ಓಮ್, 105.8 ಓಮ್ ಮತ್ತು 529 ಓಮ್ ಸಿಗುತ್ತವೆ. ಟಿವಿ, ರೌಟರ್‌ಗಳು ನಿಜಕ್ಕೂ ಹೀಗೆ ವರ್ತಿಸುವುದಿಲ್ಲ. ವೋಲ್ಟೇಜ್ ಏರಿದರೆ ಅವು ಕರೆಂಟ್ ಕಡಿಮೆ ಎಳೆಯುತ್ತವೆ. ಹಾಗಾಗಿ ಮೀಟರಿನಲ್ಲಿ ಕಾಣುವ ಅಂಕಿ ಇಲ್ಲಿನದಕ್ಕಿಂತ ಸ್ವಲ್ಪ ಆಚೀಚೆ ಇರುತ್ತದೆ. ಆದರೆ ಕಿರ್ಕಾಫ್ ನಿಯಮಗಳಿಗೆ ಲೋಡಿನ ಜಾತಿ ಮುಖ್ಯವಲ್ಲ. ಏನೇ ಜೋಡಿಸಿದ್ದರೂ ಅವು ನಿಲ್ಲುತ್ತವೆ.

ನ್ಯೂಟ್ರಲ್ ಗಟ್ಟಿಯಾಗಿದ್ದಾಗ ಮೂರು ಫೇಸಿನ ಕರೆಂಟ್ 8.70, 2.17 ಮತ್ತು 0.43 ಆಂಪಿಯರ್. ಇವನ್ನು ಹಾಗೇ ಕೂಡಿ ನ್ಯೂಟ್ರಲ್‌ನಲ್ಲಿ 11.3 ಆಂಪಿಯರ್ ಎಂದರೆ ತಪ್ಪು. ಮೂರು ಫೇಸ್‌ಗಳ ನಡುವೆ 120 ಡಿಗ್ರಿ ಅಂತರವಿದೆ: ಆರ್ ಶಿಖರದಲ್ಲಿದ್ದಾಗ ವೈ, ಬಿ ಎರಡೂ ಅರ್ಧದಷ್ಟು ಕೆಳಮುಖವಾಗಿರುತ್ತವೆ. ಕಿರ್ಕಾಫ್ ಮೊದಲ ನಿಯಮ ಪ್ರತಿ ಕ್ಷಣದ ಕರೆಂಟಿಗೆ ಅನ್ವಯಿಸುತ್ತದೆ, ಕ್ಲ್ಯಾಂಪ್ ಮೀಟರ್ ತೋರಿಸುವ ಸರಾಸರಿ ಅಂಕಿಗಲ್ಲ. ದಿಕ್ಕು ಸೇರಿಸಿ ಫೇಸರ್ (ಗಾತ್ರವನ್ನೂ ಕೋನವನ್ನೂ ತೋರಿಸುವ ಬಾಣ) ಆಗಿ ಕೂಡಿದರೆ ನ್ಯೂಟ್ರಲ್ ಕರೆಂಟ್ 7.54 ಆಂಪಿಯರ್. ಮೂರೂ ಲೋಡ್ ಸಮವಾಗಿದ್ದರೆ ಅದು ಸೊನ್ನೆಯಾಗುತ್ತಿತ್ತು. (ಕಂಪ್ಯೂಟರ್ ಮತ್ತು ಎಲ್‌ಇಡಿ ಡ್ರೈವರ್‌ಗಳೇ ತುಂಬಿದ ಕಚೇರಿಗಳಲ್ಲಿ ಸಮತೋಲನವಿದ್ದರೂ ಸೊನ್ನೆಯಾಗುವುದಿಲ್ಲ. ಅವುಗಳ ಮೂರನೇ ಹಾರ್ಮಾನಿಕ್, ಅಂದರೆ 150 ಹರ್ಟ್ಜ್‌ನ ಕರೆಂಟ್, ಮೂರು ಫೇಸಿನಲ್ಲೂ ಒಂದೇ ತಾಳದಲ್ಲಿರುವುದರಿಂದ ನ್ಯೂಟ್ರಲ್‌ನಲ್ಲಿ ಒಂದರ ಮೇಲೊಂದು ಸೇರುತ್ತದೆ. ಅಲ್ಲಿ ನ್ಯೂಟ್ರಲನ್ನು ಸಣ್ಣ ಗೇಜಿನಲ್ಲಿ ಎಳೆದರೆ ಅದೇ ಮೊದಲು ಕಾಯುವ ತಂತಿ.)

ಈಗ ಆ ನ್ಯೂಟ್ರಲ್ ಕಟ್ಟಾಯಿತು. 7.54 ಆಂಪಿಯರ್ ಎಲ್ಲಿಗೆ ಹೋಗಬೇಕು? ಮನೆಯ ನ್ಯೂಟ್ರಲ್ ಪಟ್ಟಿಗೆ ಬಂದ ಕರೆಂಟಿಗೆ ಹೊರದಾರಿ ಮುಚ್ಚಿದೆ, ಆವೇಶ ಅಲ್ಲಿ ಕೂಡಿಡಲು ಬರುವುದಿಲ್ಲ. ಉಳಿದ ದಾರಿ ಒಂದೇ: ಒಂದು ಫೇಸಿನಿಂದ ಬಂದದ್ದು ಇನ್ನೆರಡು ಮಹಡಿಗಳ ಉಪಕರಣಗಳ ಮೂಲಕವೇ ಹಿಂದಿರುಗಬೇಕು. ಮೂರು ಕರೆಂಟುಗಳ ಮೊತ್ತ ಸೊನ್ನೆಯಾಗುವವರೆಗೂ ನ್ಯೂಟ್ರಲ್ ಪಟ್ಟಿಯ ವೋಲ್ಟೇಜ್ ತಾನೇ ಜರುಗುತ್ತದೆ. ಎಷ್ಟು ಜರುಗಬೇಕೆಂಬುದಕ್ಕೆ ಸುಲಭದ ಸೂತ್ರವಿದೆ: ಮುಂಚಿನ ನ್ಯೂಟ್ರಲ್ ಕರೆಂಟನ್ನು ಎಲ್ಲ ಲೋಡ್‌ಗಳ ಒಟ್ಟು ವಾಹಕತೆಯಿಂದ (ರೋಧದ ವಿಲೋಮದಿಂದ) ಭಾಗಿಸಿ. ಒಟ್ಟು 2600 ವ್ಯಾಟಿನ ವಾಹಕತೆ 2600 ಭಾಗಿಸು 52,900, ಅಂದರೆ 0.0491 ಸೀಮೆನ್ಸ್. 7.54 ಭಾಗಿಸು 0.0491 ಸುಮಾರು 153 ವೋಲ್ಟ್. ಮಿಲ್‌ಮನ್ ಪ್ರಮೇಯ ಎಂದು ಪಠ್ಯಪುಸ್ತಕಗಳಲ್ಲಿ ಬರುವುದು ಇದೇ, ಮೊದಲ ನಿಯಮದ್ದೇ ಇನ್ನೊಂದು ರೂಪ.

ಈ 153 ವೋಲ್ಟ್ ಭಾರೀ ಲೋಡ್ ಇರುವ ಆರ್ ಫೇಸಿನ ಕಡೆಗೆ ವಾಲಿರುತ್ತದೆ. ಪ್ರತಿ ಫೇಸಿನ ವೋಲ್ಟೇಜಿನಿಂದ ಇದನ್ನು ಫೇಸರ್ ಆಗಿ ಕಳೆದರೆ ಆರ್ ಮಹಡಿಗೆ 85 ವೋಲ್ಟ್, ವೈ ಮಹಡಿಗೆ 314, ಬಿ ಮಹಡಿಗೆ 351. ಕರೆಂಟುಗಳು ಈಗ 3.23, 2.97 ಮತ್ತು 0.66 ಆಂಪಿಯರ್, ಅವುಗಳ ಫೇಸರ್ ಮೊತ್ತ ಸರಿಯಾಗಿ ಸೊನ್ನೆ. ಹೆಚ್ಚು ಕರೆಂಟ್ ಎಳೆಯುತ್ತಿದ್ದುದು ಕೆಳಗಿನ ಗೀಸರ್, ಸುಟ್ಟದ್ದು ಎರಡು ಮಹಡಿ ಮೇಲಿನ 100 ವ್ಯಾಟಿನ ಸಾಮಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಹಗುರ ಲೋಡಿಗೇ ಹೆಚ್ಚು ವೋಲ್ಟೇಜ್ ಬೀಳುವುದು ಇಲ್ಲಿನ ನಿಯಮ, ಏಕೆಂದರೆ ಸರಣಿಯಲ್ಲಿರುವ ರೋಧಗಳಲ್ಲಿ ದೊಡ್ಡ ರೋಧವೇ ವೋಲ್ಟೇಜಿನ ದೊಡ್ಡ ಪಾಲು ಹೊರುತ್ತದೆ.

ಶಕ್ತಿಯ ಜಮಾ-ಖರ್ಚನ್ನೂ ನೋಡಬೇಕು, ಅದು ನಿಜವಾಗಿಯೂ ಕಣ್ಣು ತೆರೆಸುವಂಥದ್ದು. ಗೀಸರ್ 275 ವ್ಯಾಟ್, ಕುಕ್ಕರ್ 934 ವ್ಯಾಟ್, ಮೇಲಿನ ಮಹಡಿ 233 ವ್ಯಾಟ್ ತಿನ್ನುತ್ತಿವೆ, ಒಟ್ಟು 1442. ಟ್ರಾನ್ಸ್‌ಫಾರ್ಮರ್ ಕಡೆಯಿಂದ ಆರ್ ಫೇಸ್ 692, ವೈ 606, ಬಿ 144 ವ್ಯಾಟ್ ಕೊಡುತ್ತಿವೆ. ಒಟ್ಟು ಅದೇ 1442. ಒಟ್ಟು ಸರಿಹೋಗುತ್ತದೆ, ಬಿಡಿಬಿಡಿಯಾಗಿ ಹೋಗುವುದಿಲ್ಲ. ಆರ್ ಫೇಸ್ ಕೊಟ್ಟ 692ರಲ್ಲಿ ಗೀಸರಿಗೆ ದಕ್ಕಿದ್ದು 275 ಮಾತ್ರ. ಉಳಿದ 417 ವ್ಯಾಟ್ ಕುಕ್ಕರಿಗೂ ಟಿವಿಗೂ ಹರಿದುಹೋಗಿದೆ. ತನ್ನ ಅಂತಸ್ತಿಗೆ ಬರಬೇಕಾದ ಶಕ್ತಿ ನೆರೆಯ ಅಂತಸ್ತನ್ನು ಸುಡುತ್ತಿದೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ, ಲೆಕ್ಕ.

ರಕ್ಷಣಾ ಸಾಧನಗಳು ಏಕೆ ಸುಮ್ಮನಿದ್ದವು? ಎಂಸಿಬಿ ನೋಡುವುದು ಕರೆಂಟನ್ನು. 16 ಆಂಪಿಯರಿನ ಎಂಸಿಬಿಗೆ 2.97 ಆಂಪಿಯರ್ ಏನೂ ಅಲ್ಲ. ಆರ್‌ಸಿಸಿಬಿ ತನ್ನ ಒಳಗಿನ ಉಂಗುರದ ಮೂಲಕ ಹಾದುಹೋಗುವ ಎಲ್ಲ ಕರೆಂಟುಗಳ ಮೊತ್ತವನ್ನು ನೋಡುತ್ತದೆ, ಅಂದರೆ ಅದು ಕಿರ್ಕಾಫ್ ಮೊದಲ ನಿಯಮವನ್ನೇ ಕಾಯುವ ಕಾವಲುಗಾರ. ನ್ಯೂಟ್ರಲ್ ಕಟ್ಟಾದದ್ದು ಅದಕ್ಕಿಂತ ಮುಂಚೆ, ಮೀಟರಿನ ಕಡೆ. ಮೂರು ಫೇಸಿನ ಮೊತ್ತ ಸೊನ್ನೆಯೇ ಇದೆ, ಭೂಮಿಗೆ ಏನೂ ಸೋರಿಲ್ಲ. ಅದರ ದೃಷ್ಟಿಯಲ್ಲಿ ಎಲ್ಲವೂ ಸರಿ.

ಮೇಲಿನ ಮಹಡಿಯಲ್ಲಿ ಹಾಳಾಗುವ ಕ್ರಮವನ್ನೂ ಬಿಡಿಸಿ ಹೇಳಬಹುದು. 351 ವೋಲ್ಟಿನ ಶಿಖರ ಸುಮಾರು 496 ವೋಲ್ಟ್. ಟಿವಿ, ಚಾರ್ಜರ್‌ಗಳ ಪವರ್ ಸಪ್ಲೈನಲ್ಲಿ ರೆಕ್ಟಿಫೈಯರ್ ನಂತರ ಕೂರುವ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. ಅದರ ತಲೆ ಉಬ್ಬಿ, ಮೇಲಿನ ಗೀರು ಬಿರಿದು, ಒಳಗಿನ ದ್ರವ ಹೊರಬರುತ್ತದೆ. ಟಪ್ ಎಂದ ಸದ್ದು ಅದರದ್ದು. ಸ್ಪೈಕ್ ಬಸ್ಟರ್‌ನಲ್ಲಿ 275 ವೋಲ್ಟಿನ ಎಂಒವಿ (ವೋಲ್ಟೇಜ್ ಮಿತಿ ಮೀರಿದಾಗ ಕರೆಂಟ್ ಹರಿಯಬಿಡುವ ಬಿಡಿಭಾಗ) ಇದ್ದರೆ ಅದು ಪ್ರತಿ ಅರ್ಧ ಆವರ್ತದಲ್ಲೂ ಕರೆಂಟ್ ಹರಿಸುತ್ತಾ ಕಾದು ಕಪ್ಪಾಗುತ್ತದೆ. ಸಿಡಿಲಿನ ಕ್ಷಣಮಾತ್ರದ ಹೊಡೆತಕ್ಕೆ ಮಾಡಿದ ಸಾಧನ ನಿಮಿಷಗಟ್ಟಲೆ ತಾಳಲಾರದು. 60 ವ್ಯಾಟಿನ ಟಿವಿ ಸತ್ತು ಸಂಪರ್ಕ ಕಡಿದುಕೊಂಡ ಕೂಡಲೇ ಬಿ ಫೇಸಿನಲ್ಲಿ 40 ವ್ಯಾಟ್ ಮಾತ್ರ ಉಳಿಯುತ್ತದೆ, ಆಗ ಅಲ್ಲಿಯ ವೋಲ್ಟೇಜ್ 351ರಿಂದ 359ಕ್ಕೆ ಏರುತ್ತದೆ. ಒಂದು ಹೋದಾಗಲೆಲ್ಲ ಉಳಿದವುಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಹಾಗಾಗಿಯೇ ನ್ಯೂಟ್ರಲ್ ಹೋದ ಮನೆಯಲ್ಲಿ ಸಾಮಾನುಗಳು ಒಟ್ಟಿಗೆ ಸುಡದೆ ಒಂದರ ಹಿಂದೊಂದು ಸಾಲಾಗಿ ಸುಡುತ್ತವೆ.

ಕೆಳಗಿನ ಮಹಡಿಯವರು ತಾವು ಬಚಾವಾದೆವು ಎಂದುಕೊಳ್ಳಬಾರದು. ಯಾರಾದರೂ ‘ನೀರೇ ಕಾಯುತ್ತಿಲ್ಲ’ ಎಂದು ಗೀಸರ್ ಆರಿಸಿದರೆಂದು ಇಟ್ಟುಕೊಳ್ಳಿ. ಆ ಕ್ಷಣಕ್ಕೆ ಕುಕ್ಕರೂ ಟಿವಿಯೂ ವೈ, ಬಿ ನಡುವಿನ 398 ವೋಲ್ಟಿನಲ್ಲಿ (120 ಡಿಗ್ರಿ ಅಂತರದ ಎರಡು 230 ವೋಲ್ಟ್ ಫೇಸುಗಳ ನಡುವೆ ಬರುವ ವೋಲ್ಟೇಜ್) ಸರಣಿಯಾಗಿ ಕೂರುತ್ತವೆ: ಕುಕ್ಕರಿಗೆ 66, ಮೇಲಿನ ಮಹಡಿಗೆ 332. ಅಲ್ಲಿಯವರೆಗೆ 85 ವೋಲ್ಟಿನಲ್ಲಿ ಮಿಣುಕುತ್ತಿದ್ದ ಕೆಳಗಿನ ಬಚ್ಚಲಿನ ಎಲ್‌ಇಡಿ ಮೇಲೆ ಈಗ ಸುಮಾರು 370 ವೋಲ್ಟ್. ಒಂದು ಸ್ವಿಚ್ಚಿನ ಟಕ್ ಸದ್ದಿಗೆ ಮೂರು ಮಹಡಿಯ ವೋಲ್ಟೇಜೂ ಅದಲುಬದಲು. ಒಂದು ಕಡೆ ಸ್ವಿಚ್ ಹಾಕಿದರೆ ಇನ್ನೊಂದು ಕಡೆ ದೀಪ ಭಗ್ಗನೆ ಬೆಳಗುವುದು ಅಥವಾ ಕುಗ್ಗುವುದು ಈ ದೋಷದ ಅತಿ ಖಚಿತ ಲಕ್ಷಣ. ಅದು ಕಂಡ ತಕ್ಷಣ ಮೇನ್ ಸ್ವಿಚ್ ಇಳಿಸಬೇಕು, ಒಂದೊಂದೇ ಉಪಕರಣ ಆರಿಸುತ್ತ ಹೋಗಬಾರದು.

ಪತ್ತೆ ಮಾಡುವಾಗ ಮಲ್ಟಿಮೀಟರ್ ಕೆಟಗರಿ 3, 600 ವೋಲ್ಟಿನದಾಗಿರಲಿ. ಮೊದಲು ಫೇಸ್-ಫೇಸ್ ಅಳೆಯಿರಿ: ಆರ್-ವೈ, ವೈ-ಬಿ, ಬಿ-ಆರ್ ಮೂರೂ 400ರ ಆಸುಪಾಸು ಬಂದರೆ ಹೊರಗಿನ ಫೇಸ್‌ಗಳು ಸರಿಯಾಗಿವೆ. ಆಮೇಲೆ ಪ್ರತಿ ಫೇಸನ್ನು ಅರ್ಥ್ ಪಿನ್ನಿಗೆ ಅಳೆಯಿರಿ. ಅರ್ಥಿಗೆ 230 ಬರುತ್ತಿದ್ದು ನ್ಯೂಟ್ರಲಿಗೆ 85, 314, 351 ಬಂದರೆ ದೋಷ ನ್ಯೂಟ್ರಲಿನಲ್ಲೇ. ನ್ಯೂಟ್ರಲ್-ಅರ್ಥ್ ನಡುವೆ ಸಾಮಾನ್ಯವಾಗಿ ಒಂದೆರಡು ವೋಲ್ಟ್ ಇರಬೇಕಾದಲ್ಲಿ 153 ಕಾಣುತ್ತದೆ. ಟೆಸ್ಟರ್ ಸಾಕೆಟ್ಟಿನ ಎರಡೂ ತೂತಿನಲ್ಲಿ ಉರಿಯುತ್ತದೆ. ‘ರಿಟರ್ನ್ ಬರ್ತಾ ಇದೆ’ ಎಂದು ಎಲೆಕ್ಟ್ರಿಷಿಯನ್‌ಗಳು ಹೇಳುವುದು ಇದನ್ನೇ. ನ್ಯೂಟ್ರಲ್ ಎಂದು ನಂಬಿ ಕೈ ಇಟ್ಟರೆ 153 ವೋಲ್ಟ್ ಹೊಡೆಯುತ್ತದೆ.

ಅಳತೆ ಸರಿಯೋ ತಪ್ಪೋ ಎಂದು ನೋಡಲು ಎರಡನೇ ನಿಯಮವನ್ನೇ ಕಾಗದದ ಮೇಲೆ ಇಳಿಸಬಹುದು. 100 ವೋಲ್ಟಿಗೆ 2 ಸೆಂಟಿಮೀಟರ್ ಅಳತೆಯಲ್ಲಿ ಸುಮಾರು 8 ಸೆಂಟಿಮೀಟರ್ ಬದಿಯ ಸಮಬಾಹು ತ್ರಿಕೋನ ಬರೆಯಿರಿ. ಮೂರು ಮೂಲೆಗಳು ಮೂರು ಫೇಸ್. ಕೈವಾರದಿಂದ ಆರ್ ಮೂಲೆಯಿಂದ 1.7, ವೈ ಮೂಲೆಯಿಂದ 6.3, ಬಿ ಮೂಲೆಯಿಂದ 7 ಸೆಂಟಿಮೀಟರ್ ಕಂಸ ಎಳೆಯಿರಿ. ಮೂರೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಜರುಗಿದ ನ್ಯೂಟ್ರಲ್ ಅದೇ, ಆರ್ ಮೂಲೆಗೆ ಅಂಟಿಕೊಂಡಂತೆ ಕಾಣುತ್ತದೆ. ತ್ರಿಕೋನದ ನಡುಬಿಂದುವಿನಿಂದ ಅದಕ್ಕಿರುವ ದೂರವೇ 153 ವೋಲ್ಟ್. ಕಂಸಗಳು ಕೂಡದಿದ್ದರೆ ಮೀಟರ್ ತಪ್ಪಾಗಿದೆ, ಇಲ್ಲವೇ ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ಲೋಡ್ ಬದಲಾಗಿದೆ.

ಒಂದು ಎಚ್ಚರಿಕೆ. ಎಲ್ಲ ಲೋಡ್ ತೆಗೆದು ಮೀಟರ್ ಇಟ್ಟರೆ, ಎಳೆಯಷ್ಟು ಸಂಪರ್ಕ ಉಳಿದಿರುವ ನ್ಯೂಟ್ರಲ್ ಕೂಡ 230 ಎಂದೇ ತೋರಿಸುತ್ತದೆ. ಡಿಜಿಟಲ್ ಮೀಟರಿನ ಒಳರೋಧ ಹತ್ತು ಮೆಗಾಓಮ್‌ನಷ್ಟು, ಅದು ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕೆಟ್ಟ ಕೀಲಿನಲ್ಲಿ ವೋಲ್ಟೇಜ್ ಬೀಳುವುದೇ ಇಲ್ಲ. ಲೋಡ್ ಹಾಕಿಯೇ ಪರೀಕ್ಷಿಸಬೇಕು. ಹಳೆಯ ಫಿಲಮೆಂಟ್ ಬಲ್ಬ್ ಇದಕ್ಕೆ ಈಗಲೂ ಒಳ್ಳೆಯದು. ಒಂದಲ್ಲ, ಒಂದೇ ವ್ಯಾಟಿನ ಎರಡು ಬಲ್ಬ್ ಸರಣಿಯಲ್ಲಿ ಇರಲಿ. 400 ವೋಲ್ಟ್ ಸಿಕ್ಕರೆ ಒಂದೇ ಬಲ್ಬ್ ಕೈಯಲ್ಲೇ ಒಡೆಯಬಹುದು.

ಕೀಲು ಒಂದೇ ದಿನದಲ್ಲಿ ಬಿಡುವುದಿಲ್ಲ. ಅಲ್ಯೂಮಿನಿಯಂ ಸರ್ವಿಸ್ ವೈರ್, ಹಿತ್ತಾಳೆ ಟರ್ಮಿನಲ್, ಒಂದು ಸ್ಕ್ರೂ: ಅಲ್ಯೂಮಿನಿಯಂ ಒತ್ತಡಕ್ಕೆ ನಿಧಾನವಾಗಿ ಜಾರಿ ಸಡಿಲವಾಗುತ್ತದೆ, ಗಾಳಿ ತಗುಲಿ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಮಳೆಗಾಲದ ತೇವಕ್ಕೆ ಎರಡು ಲೋಹಗಳ ನಡುವೆ ಸವಕಳಿ ಶುರುವಾಗುತ್ತದೆ. ಕೀಲಿನ ರೋಧ ಅರ್ಧ ಓಮ್ ಆದಾಗ ನ್ಯೂಟ್ರಲ್ ಜರುಗುವುದು ಬರೀ 3.7 ವೋಲ್ಟ್, ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದರೆ 7.4 ಆಂಪಿಯರ್ ಹರಿದು ಆ ಒಂದು ಸ್ಕ್ರೂವಿನಲ್ಲಿ 27 ವ್ಯಾಟ್ ಶಾಖ ಏಳುತ್ತದೆ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥದೊಂದನ್ನು ಮೀಟರ್ ಟರ್ಮಿನಲ್ಲಿಗೆ ಚುಚ್ಚಿ ಬಿಟ್ಟ ಹಾಗೆ. ಅದರಿಂದ ಆಕ್ಸೈಡ್ ಇನ್ನೂ ಬೆಳೆದು ರೋಧ 5 ಓಮ್ ಆದರೆ 183 ವ್ಯಾಟ್, ಜರುಗುವಿಕೆ 30 ವೋಲ್ಟ್. ಸುಮಾರು 20 ಓಮ್‌ನಲ್ಲಿ ಶಾಖ ಗರಿಷ್ಠ, 289 ವ್ಯಾಟ್. ಅಲ್ಲಿಂದಾಚೆ ಪ್ಲಾಸ್ಟಿಕ್ ಕರಗಿ, ತಂತಿ ಕಳಚಿ, ಪೂರ್ತಿ ಬಿಡುತ್ತದೆ. ಕೀಲಿನ ಹತ್ತಿರ ತಂತಿಯ ನಿರೋಧಕ ಹೊದಿಕೆ ಕಂದು ಬಣ್ಣಕ್ಕೆ ತಿರುಗಿದ್ದರೆ, ಕೊಳೆತ ಮೀನಿನಂಥ ವಾಸನೆ ಬರುತ್ತಿದ್ದರೆ ಆ ಅರ್ಧ ಓಮ್‌ನ ಹಂತ ಆಗಲೇ ದಾಟಿದೆ. ಜನರೇಟರ್ ಇರುವ ಕಟ್ಟಡಗಳಲ್ಲಿ ಇನ್ನೊಂದು ಜಾಗವನ್ನೂ ನೋಡಬೇಕು: ಚೇಂಜ್‌ಓವರ್ ಸ್ವಿಚ್ಚಿನ ನಾಲ್ಕನೇ ಪೋಲ್, ಅಂದರೆ ನ್ಯೂಟ್ರಲನ್ನು ಕೂಡಿಸಿ ಬಿಡಿಸುವ ಭಾಗ. ಹಾಕುವಾಗ ಅದು ಮೊದಲು ಕೂಡಿ, ತೆಗೆಯುವಾಗ ಕೊನೆಗೆ ಬಿಡಬೇಕು. ಸವೆದು ಹಿಂದುಮುಂದಾದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ಈ ಅನಾಹುತ ಕ್ಷಣಕಾಲ ಮರುಕಳಿಸುತ್ತದೆ. ನ್ಯೂಟ್ರಲಿಗೆ ಪ್ರತ್ಯೇಕ ಫ್ಯೂಸ್ ಹಾಕುವುದಂತೂ ಈ ಅನಾಹುತಕ್ಕೆ ಕೈಯಾರೆ ದಾರಿ ಮಾಡಿಕೊಟ್ಟ ಹಾಗೆ. ಸುರಕ್ಷತಾ ನಿಯಮಗಳು ಅದನ್ನು ಒಪ್ಪುವುದಿಲ್ಲ.

ಲೈನ್‌ಮನ್ ಬರುವುದು ತಡವಾದಾಗ ನಡೆಯುವ ತಪ್ಪೊಂದಿದೆ: ಮನೆಯ ಅರ್ಥ್ ಪಿಟ್‌ನಿಂದ ಒಂದು ತಂತಿ ತಂದು ನ್ಯೂಟ್ರಲ್ ಪಟ್ಟಿಗೆ ಕಟ್ಟುವುದು. ‘ಸರಿಹೋಯ್ತು ನೋಡಿ’ ಎನ್ನುವಂತೆ ದೀಪಗಳು ನೆಟ್ಟಗಾಗುತ್ತವೆ. ಲೆಕ್ಕ ಹಾಕೋಣ. ಪಿಟ್ 10 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯ ಅರ್ಥ್ 2 ಓಮ್ ಎಂದರೆ ನ್ಯೂಟ್ರಲ್ 57 ವೋಲ್ಟ್ ಜರುಗಿ ಮಹಡಿಗಳಿಗೆ 175, 254, 271 ವೋಲ್ಟ್ ಬರುತ್ತದೆ. 4.7 ಆಂಪಿಯರ್ ಮಣ್ಣಿನ ಮೂಲಕ ಹೋಗುತ್ತದೆ. ಆದರೆ ಆ ಪಿಟ್ಟಿಗೇ ಫ್ರಿಜ್, ವಾಷಿಂಗ್ ಮೆಷಿನ್, ಗೀಸರಿನ ಲೋಹದ ಮೈ ಎಲ್ಲವೂ ಕೂಡಿದೆ. ಅವೆಲ್ಲದರ ಮೇಲೆ ಈಗ 47 ವೋಲ್ಟ್. ಬೇಸಿಗೆಯಲ್ಲಿ ಪಿಟ್‌ನ ಉಪ್ಪು-ಇದ್ದಿಲು ಒಣಗಿ ರೋಧ 40 ಓಮ್ ಆದರೆ ಸುಮಾರು 98 ವೋಲ್ಟ್. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ನಲ್ಲಿ ಮುಟ್ಟುವ ಮನುಷ್ಯನ ಮೂಲಕವೂ ಆ ಕರೆಂಟ್ ದಾರಿ ಹುಡುಕುತ್ತದೆ. ಈ ಜೋಡಣೆಯನ್ನು ಆರ್‌ಸಿಸಿಬಿಯ ನಂತರ ಮಾಡಿದ್ದರೆ ಅದು ತಕ್ಷಣ ಬೀಳುತ್ತದೆ, ಮತ್ತು ಅದು ಬೀಳುವುದೇ ಸರಿ. ಆಗ ಅದನ್ನು ಬೈಪಾಸ್ ಮಾಡುವುದು ಜೀವದ ಜೊತೆ ಆಟವಾಡಿದಂತೆ.

ದುರಸ್ತಿ ಮೀಟರ್ ಸೀಲಿನ ಆಚೆ ಇದ್ದರೆ ವಿದ್ಯುತ್ ಕಂಪನಿಯವರೇ ಮಾಡಬೇಕು. ಸುಟ್ಟ ತುದಿಯನ್ನು ಹೊಳೆಯುವ ಲೋಹ ಕಾಣುವವರೆಗೂ ಹಿಂದಕ್ಕೆ ಕತ್ತರಿಸಿ, ಅಲ್ಯೂಮಿನಿಯಂ-ತಾಮ್ರ ಎರಡಕ್ಕೂ ಹೊಂದುವ ಬೈಮೆಟಲ್ ಲಗ್ (ತಂತಿಯ ತುದಿಗೆ ಹಾಕುವ ಲೋಹದ ತುಂಡು) ಒತ್ತಿ, ಆಕ್ಸೈಡ್ ತಡೆಯುವ ಪೇಸ್ಟ್ ಹಚ್ಚಿ ಬಿಗಿಯಬೇಕು. ಸುಟ್ಟ ಟರ್ಮಿನಲ್ಲಿಗೇ ಮತ್ತೆ ತಿರುಪು ಹಾಕಿದರೆ ಉಪಯೋಗವಿಲ್ಲ, ಕಾದು ಮೆತ್ತಗಾದ ಹಿತ್ತಾಳೆಗೆ ಹಿಡಿತವಿರುವುದಿಲ್ಲ. ನ್ಯೂಟ್ರಲ್ ತಂತಿ ಫೇಸಿನಷ್ಟೇ ದಪ್ಪವಿರಲಿ. ಮೇನ್ ಸ್ವಿಚ್ ನಂತರ ಹೆಚ್ಚು-ಕಡಿಮೆ ವೋಲ್ಟೇಜ್ ಎರಡನ್ನೂ ಪ್ರತಿ ಫೇಸ್-ನ್ಯೂಟ್ರಲ್ ನಡುವೆ ನೋಡುವ ರಿಲೇ ಹಾಕಿಸಿ, 180 ಮತ್ತು 265 ವೋಲ್ಟಿಗೆ ಮಿತಿ ಇಡಿ. ಮತ್ತೆ ಕೂಡುವ ಮುನ್ನ ಮೂರು ನಿಮಿಷ ತಡ ಇದ್ದರೆ ಫ್ರಿಜ್ ಕಂಪ್ರೆಸರಿಗೆ ಒಳ್ಳೆಯದು. ಫೇಸ್-ಫೇಸ್ ಮಾತ್ರ ನೋಡುವ ಮೋಟರ್ ಪ್ರಿವೆಂಟರ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಆ 398 ವೋಲ್ಟ್ ಕದಲಿರುವುದೇ ಇಲ್ಲ.

ಲೋಡ್ ಹಂಚಿಕೆಯಿಂದ ಆಗುವ ಲಾಭವೂ ದೊಡ್ಡದು. ಅದೇ 2600 ವ್ಯಾಟನ್ನು 900, 900, 800 ಎಂದು ಹಂಚಿದ್ದರೆ ನ್ಯೂಟ್ರಲ್ ಕಟ್ಟಾದರೂ ಜರುಗುವುದು 9 ವೋಲ್ಟ್ ಮಾತ್ರ. ಮನೆಯಲ್ಲಿ ಲೋಡ್ ಗಳಿಗೆಗೊಮ್ಮೆ ಬದಲಾಗುವುದರಿಂದ ಇದನ್ನೇ ನಂಬಿ ಕೂರಲಾಗದು. ಆದರೂ ಎರಡು ಗೀಸರ್ ಒಂದೇ ಫೇಸಿನಲ್ಲಿ ಇರದಂತೆ ನೋಡಿಕೊಳ್ಳುವುದು ಸುಲಭ.

ದುರಸ್ತಿಯ ನಂತರ ಗೀಸರ್ ಹಾಕಿಯೇ ನ್ಯೂಟ್ರಲ್-ಅರ್ಥ್ ಅಳೆಯಿರಿ. ಒಂದೆರಡು ವೋಲ್ಟಿನೊಳಗೆ ನಿಂತರೆ ಒಂದೊಂದೇ ಎಂಸಿಬಿ ಏರಿಸಿ, ಎಲೆಕ್ಟ್ರಾನಿಕ್ ಸಾಮಾನುಗಳ ಪ್ಲಗ್ಗನ್ನು ಕೊನೆಗೆ ಹಾಕಿ. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ, ಬೆಳಗಿನ ಗೀಸರ್ ಹೊತ್ತಿನಲ್ಲೇ ಅಳೆಯಿರಿ. ಹೊಸ ಲಗ್‌ನೊಳಗಿನ ಅಲ್ಯೂಮಿನಿಯಂ ಎಳೆಗಳು ಕೂತುಕೊಂಡು ಸ್ಕ್ರೂ ಕಾಲು ಸುತ್ತು ಸಡಿಲವಾಗಿದ್ದರೆ ಆ ವೋಲ್ಟೇಜ್ ಏರಿರುವುದು ಆಗ ಗೊತ್ತಾಗುತ್ತದೆ.